ಮಾರ್ಕ್ಸ್ ಕಡಿಮೆಯೇ? ಹಾಗಾದರೆ ಸಿರಿಂಜ್ ಹಿಡಿಯಿರಿ

ಪಿಯುಸಿ ಫಲಿತಾಂಶ ಬಂದ ವಾರ ಮಂಗಳೂರಿನಲ್ಲಿ ತಲೆಯೆತ್ತಿ ನಡೆಯುವಂತಿಲ್ಲ, ಎತ್ತಿದರೆ ಫ್ಲೆಕ್ಸು. ಪಂಪ್‌ವೆಲ್‌ನಿಂದ ಬಂಟ್ಸ್ ಹಾಸ್ಟೆಲ್‌ವರೆಗೆ ಕಂಬಕ್ಕೊಂದು ಕಾಲೇಜು, ಕಾಲೇಜಿಗೆ ಮೂವತ್ತು ನಲವತ್ತು ಮುಖ, ಮುಖದ ಅಡಿಗೆ 594, 593, 592. 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಪ್ರಥಮ, ಉಡುಪಿ ದ್ವಿತೀಯ. 2025ರಲ್ಲಿ ಉಡುಪಿ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ. ಕಿರೀಟ ಮೂಲ್ಕಿಯ ಹೊಳೆ ದಾಟಿ ಆಚೀಚೆ ಹೋಗುತ್ತದೆಯೇ ಹೊರತು ಘಟ್ಟ ಹತ್ತುವುದಿಲ್ಲ.

ಇಂಥ ಊರಿನಲ್ಲಿ ವಿಜ್ಞಾನದಲ್ಲಿ ಶೇ. 48 ತೆಗೆದ ಹುಡುಗಿಯೊಬ್ಬಳು ಇರಲು ಸಾಧ್ಯವೇ? ಇಲ್ಲ ಎಂದೇ ಎಲ್ಲರ ನಂಬಿಕೆ. ಹಾಗಾಗಿ ಅವಳನ್ನು ನೆಂಟರ ಮದುವೆಗೆ ಕರೆದೊಯ್ಯಲು ಅಮ್ಮನಿಗೆ ಮನಸ್ಸಿಲ್ಲ. ಆದರೂ ಕರೆದೊಯ್ಯುತ್ತಾರೆ. ಬಿಟ್ಟು ಹೋದರೆ ‘ಹುಡುಗಿ ಫೇಲಂತೆ’ ಎಂಬ ಸುದ್ದಿ ಹೋಳಿಗೆಗಿಂತ ಮೊದಲು ಪಂಕ್ತಿಯಲ್ಲಿ ಬಡಿಸಿ ಆಗಿರುತ್ತದೆ.

ಊಟವಾಗಿ ಕೈ ತೊಳೆಯುವಲ್ಲಿ ಮಾವ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು; ಯಾರ ಮನೆಯ ಅಂಕವಾದರೂ ಅವರಿಗೆ ಲೆಡ್ಜರಿಗೆ ಏರಿಸಲೇಬೇಕು.

“ಸೈನ್ಸಿನಲ್ಲಿ ಎಷ್ಟು ಬಂತು ಮಗಳೇ?”

ಹುಡುಗಿ ಹೇಳುತ್ತಾಳೆ. ಮಾವ ಟವೆಲಿನಲ್ಲಿ ಬಾಯಿ ಒರೆಸಿಕೊಂಡು, ಅಮ್ಮನ ಕಡೆ ತಿರುಗಿ ಸಾಂತ್ವನದ ಧ್ವನಿಯಲ್ಲಿ, “ತೊಂದರೆ ಇಲ್ಲ ಮಾರಾಯ್ತಿ, ನರ್ಸಿಂಗಿಗೆ ಆಗುತ್ತದೆ” ಎನ್ನುತ್ತಾರೆ. ಬಲಿತ ಬೆಂಡೆಕಾಯಿಯನ್ನು ಪಲ್ಯಕ್ಕಾಗದಿದ್ದರೂ ದನಕ್ಕೆ ಹಾಕಬಹುದು ಎನ್ನುವಾಗಿನ ಧ್ವನಿಯೇ ಅದು.

ಮಾವನ ತಲೆಯಲ್ಲಿ ಒಂದು ಏಣಿ ಇದೆ. ನಮ್ಮೆಲ್ಲರ ತಲೆಯಲ್ಲೂ ಇದೆ. ತುದಿಯಲ್ಲಿ ಎಂಬಿಬಿಎಸ್, ಅದರ ಕೆಳಗೆ ಬಿಡಿಎಸ್, ಇನ್ನೂ ಕೆಳಗೆ ಫಾರ್ಮಸಿ, ಫಿಸಿಯೋಥೆರಪಿ, ನೆಲಕ್ಕೆ ತಾಗಿದ ಮೆಟ್ಟಿಲಲ್ಲಿ ನರ್ಸಿಂಗ್. ಆಸ್ಪತ್ರೆಗೆ ಸೇರಿದ ದಿನ ಮಾತ್ರ ಏಣಿ ಬೋರಲಾಗುತ್ತದೆ. ತುದಿಯವರು ರೌಂಡ್ಸ್‌ಗೆ ಬಂದು ಎರಡು ನಿಮಿಷ ನಿಂತು ಹೋಗುತ್ತಾರೆ, ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಬರುವುದು ನೆಲದ ಮೆಟ್ಟಿಲಿನವಳು. ನಮ್ಮ ಮೈಯನ್ನು ಕಾಯುವ ಕೆಲಸ ಉಳಿದ ಯಾವುದಕ್ಕೂ ಆಗದವರಿಗೆ ಸಾಕು ಎಂದು ತೀರ್ಮಾನಿಸಿದವರು ನಾವೇ. ಅದೂ ಗಡ್‌ಬಡ್ ಐಸ್‌ಕ್ರೀಮ್ ತಿನ್ನುತ್ತಾ.

ನಿಯಮ ಇಲ್ಲವೆಂದಲ್ಲ. 1947ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವ ಪ್ರಕಾರ ಬಿಎಸ್‌ಸಿ ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ. 45 ಬರಬೇಕು, ಇಂಗ್ಲಿಷ್‌ನಲ್ಲಿ ಪ್ರತ್ಯೇಕ ಪಾಸಾಗಬೇಕು. ಪರಿಶಿಷ್ಟರಿಗೆ ಐದು ಅಂಶ ಸಡಿಲಿಕೆ. ಅಷ್ಟು ಬಾರದಿದ್ದರೆ ಮೂರು ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಇದೆ. ಅದಕ್ಕೆ ಕಲಾ ವಿಭಾಗದವರೂ ವಾಣಿಜ್ಯದವರೂ ಅರ್ಹರು, ಶೇ. 40 ಸಾಕು, ಮುಗಿಸಿ ಎರಡು ವರ್ಷ ಪೋಸ್ಟ್ ಬೇಸಿಕ್ ಬಿಎಸ್‌ಸಿ ಓದಿದರೆ ಪದವಿಯೂ ಕೈಗೆ ಬರುತ್ತದೆ. ಕಡಿಮೆ ಅಂಕದವರಿಗೆ ಇಷ್ಟು ಸಾಚಾ ದಾರಿ ಇರುವಾಗ ಅದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಕಮಿಷನ್ ಹುಟ್ಟುವುದಿಲ್ಲ.

ಶೇ. 45ರ ಗೋಡೆ ಎಷ್ಟು ಎತ್ತರವೆಂದೂ ನೋಡಬೇಕು. ಮೂರು ವಿಷಯ ಸೇರಿ 300ಕ್ಕೆ 135. ಅದರಲ್ಲಿ ಪ್ರಾಯೋಗಿಕ ಪರೀಕ್ಷೆಯದ್ದೇ 90, ಮತ್ತು ಆ 90ರಲ್ಲಿ ಜಿಪುಣತನ ತೋರಿಸಿದ ಕಾಲೇಜನ್ನು ನಾನು ಕಂಡಿಲ್ಲ. ಬ್ಯೂರೆಟ್ಟಿನಿಂದ ಹನಿ ಬಿಟ್ಟು ಗುಲಾಬಿ ಬಣ್ಣ ಬಂದರೂ 30, ಬಾರದಿದ್ದರೂ 30. ಮಿಕ್ಕಿದ್ದಕ್ಕೆ ಥಿಯರಿಯಲ್ಲಿ ಪಾಸಾಗುವಷ್ಟು ಗೀಚಿದರೆ ಗೋಡೆ ತಾನಾಗಿಯೇ ಹಿಂದೆ ಬೀಳುತ್ತದೆ. ಸಾಲದ್ದಕ್ಕೆ 2024ರಲ್ಲೂ 2025ರಲ್ಲೂ ಪರೀಕ್ಷೆ ಒಂದು, ಎರಡು, ಮೂರು ಎಂದು ಸರಕಾರ ವರ್ಷಕ್ಕೆ ಮೂರು ಸಲ ಬಾಗಿಲು ತೆರೆಯಿತು. 2025ರ ಅಕ್ಟೋಬರ್‌ನಲ್ಲಿ ಪಾಸಿನ ಗೆರೆಯನ್ನು 35ರಿಂದ 33ಕ್ಕೂ ಇಳಿಸಿತು. ಇಷ್ಟಾದ ಮೇಲೂ 44ಕ್ಕೆ ನಿಂತ ಮಗು ಇದ್ದರೆ, ಅದಕ್ಕಾಗಿಯೇ ದೇವರು ಏಜೆಂಟನನ್ನು ಸೃಷ್ಟಿಸಿದ್ದಾನೆ.

ಏಜೆಂಟನ ಕಚೇರಿ ಪಂಪ್‌ವೆಲ್‌ಗೂ ದೇರಳಕಟ್ಟೆಗೂ ನಡುವೆ ಎಲ್ಲಾದರೂ ಮೊದಲ ಮಹಡಿಯಲ್ಲಿ ಇರುತ್ತದೆ. ಕೆಳಗೆ ಜ್ಯೂಸ್ ಅಂಗಡಿ, ಮೇಲೆ ಕನ್ನಡ, ಮಲಯಾಳಂ ಎರಡೂ ಲಿಪಿಯ ಬೋರ್ಡು, ಗಾಜಿನ ಬಾಗಿಲು, ಒಳಗೆ ಸ್ಟೆತೊಸ್ಕೋಪ್ ಹಾಕಿಕೊಂಡು ನಗುವ ವಿದೇಶಿ ಹುಡುಗಿಯ ಚಿತ್ರ. ಅವನು ಅಂಕ ಕೇಳುವುದಿಲ್ಲ. “ಬಜೆಟ್ ಎಷ್ಟು ಅಮ್ಮ?” ಎಂದು ಶುರು ಮಾಡುತ್ತಾನೆ.

“ಸೈನ್ಸಿನಲ್ಲಿ ಸ್ವಲ್ಪ ಕಡಿಮೆ ಇದೆ” ಎಂದು ಅಮ್ಮ ಅಂಜುತ್ತಾ ಹೇಳುತ್ತಾರೆ.

“ಅದು ನಮಗೆ ಬಿಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡು ಮಾತ್ರ ಮರೆಯದೆ ತನ್ನಿ.”

ಈ ವ್ಯವಹಾರದ ಕೀಲಿ ಇರುವುದು ಇಲ್ಲಿ. ಅಂಕಕ್ಕೆ ಬೆಲೆಯಿಲ್ಲ, ಅಂಕಪಟ್ಟಿಗೆ ಇದೆ. ಆ ಕಾಗದ ಕಾಲೇಜಿನ ಕಪಾಟು ಸೇರಿತೆಂದರೆ ಹುಡುಗಿಯೂ ಸೇರಿದಂತೆ. ಎರಡನೇ ಸೆಮಿಸ್ಟರಿನಲ್ಲಿ ‘ನನಗೆ ಆಗುವುದಿಲ್ಲ, ಮನೆಗೆ ಹೋಗುತ್ತೇನೆ’ ಎಂದರೆ ನಾಲ್ಕೂ ವರ್ಷದ ಫೀಸು ಕಟ್ಟಿ ಕಾಗದ ಬಿಡಿಸಿಕೊಳ್ಳಬೇಕು. ಅಡವಿಟ್ಟ ಬಳೆಗಾದರೂ ಬ್ಯಾಂಕಿನಲ್ಲಿ ಒಂದು ರಸೀದಿ ಕೊಡುತ್ತಾರೆ.

ಒಳಗೆ ಹೋದ ಹುಡುಗಿಗೆ ತಾನು ಬಿಟ್ಟು ಬಂದೆನೆಂದುಕೊಂಡ ವಿಜ್ಞಾನ ಬಿಳಿ ಯೂನಿಫಾರ್ಮು ಹಾಕಿಕೊಂಡು ಎದುರು ನಿಲ್ಲುತ್ತದೆ. ಅಂಗರಚನೆ, ಶರೀರಕ್ರಿಯೆ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ. ವಾರ್ಡಿನಲ್ಲಂತೂ ಗ್ರೇಸ್ ಮಾರ್ಕ್ಸ್ ಇಲ್ಲ. 500 ಮಿಲಿ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿಲಿಗೆ 20 ಹನಿ; ನಿಮಿಷಕ್ಕೆ ಎಷ್ಟು? ಸುಮಾರು 42. ಹುಡುಗಿ ಗಡಿಯಾರ ನೋಡುತ್ತಾ ಡ್ರಿಪ್ ಚೇಂಬರಿನ ಹನಿ ಎಣಿಸುತ್ತಾಳೆ, ಬೆರಳಿನಿಂದ ರೋಲರನ್ನು ಒಂದು ಕೂದಲೆಳೆಯಷ್ಟು ತಿರುಗಿಸುತ್ತಾಳೆ, ಮತ್ತೆ ಎಣಿಸುತ್ತಾಳೆ. ಈ ಹನಿಗೆ ಬಣ್ಣ ಬಂದರೂ ಬಾರದಿದ್ದರೂ 30 ಕೊಡುವವರಿಲ್ಲ. ಇನ್ಸುಲಿನ್ ಇನ್ನೂ ಕಟುಕ. ನಮ್ಮಲ್ಲಿ ಮಿಲಿಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100 ಯೂನಿಟ್ಟಿನದ್ದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆಯದ್ದು. 100ರ ಮದ್ದನ್ನು ಕೆಂಪಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು.

ಇದಕ್ಕೆ ಬೇಕಾದದ್ದು ಏಳನೇ ತರಗತಿಯ ಲೆಕ್ಕ ಮತ್ತು ನಿದ್ದೆಗೆಟ್ಟ ಹೊತ್ತಿನಲ್ಲೂ ಮಾಸದ ಗಮನ. ಪಿಯುಸಿಯಲ್ಲಿ 48 ಬಂದ ಹುಡುಗಿಗೆ ಇದು ಬರಬಹುದು, 98 ಬಂದವಳಿಗೆ ಬಾರದೆಯೂ ಇರಬಹುದು. ಕಲಿಸಿದರೆ ಕಲಿಯುತ್ತಾರೆ. ಕಲಿಸಲು ವಾರ್ಡು ಬೇಕು, ವಾರ್ಡಿನಲ್ಲಿ ರೋಗಿ ಬೇಕು. ತಪಾಸಣೆಯ ದಿನ ಮಾತ್ರ ಹಾಸಿಗೆ ತುಂಬುವ ಆಸ್ಪತ್ರೆಯಲ್ಲಿ ಎಣಿಸುವುದಕ್ಕೆ ಹನಿಯಾದರೂ ಎಲ್ಲಿಂದ ಬರಬೇಕು? ಕಾಲೇಜಿಗೆ ಅಂಕ ಕೊಡುವವರ ಕಥೆಯನ್ನಂತೂ ಕೇಳಲೇಬೇಡಿ. 2024ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ನರ್ಸಿಂಗ್ ಕಾಲೇಜುಗಳ ಗುಣ ನೋಡಲು ಹೋದ ಸಿಬಿಐ ಅಧಿಕಾರಿಯನ್ನು, ಒಳ್ಳೆಯ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ ಸಿಬಿಐಯೇ ಹಿಡಿಯಿತು.

ಏಣಿಯ ತುದಿಯಲ್ಲಾದರೂ ಕಟ್ಟುನಿಟ್ಟು ಇದೆಯೇ ಎಂದು ಕತ್ತೆತ್ತಿದರೆ ಅಲ್ಲಿ ಇನ್ನೂ ಸ್ವಾರಸ್ಯ. ಡಾಕ್ಟರು ತಜ್ಞರಾಗಲು ಬರೆಯುವ ನೀಟ್ ಪಿಜಿ ಪರೀಕ್ಷೆಯಲ್ಲಿ 2023ರಲ್ಲಿ ಸೀಟು ಖಾಲಿ ಉಳಿಯುತ್ತದೆಂದು ಅರ್ಹತೆಯ ಗೆರೆಯನ್ನು ಎಲ್ಲ ವರ್ಗಕ್ಕೂ ಶೂನ್ಯ ಪರ್ಸೆಂಟೈಲ್‌ಗೆ ಇಳಿಸಲಾಯಿತು. ಪರ್ಸೆಂಟೈಲ್ ಬೇರೆ, ಪರ್ಸೆಂಟ್ ಬೇರೆ, ಬರೆದವರೆಲ್ಲ ಎಂಬಿಬಿಎಸ್ ಮುಗಿಸಿದವರೇ ಎಂಬುದೆಲ್ಲ ನಿಜ. ಆದರೂ ತಜ್ಞನಾಗಲು ಪರೀಕ್ಷೆಗೆ ಕುಳಿತರೆ ಸಾಕು, ಅವನ ಪಕ್ಕದಲ್ಲಿ ಟ್ರೇ ಹಿಡಿದು ನಿಲ್ಲಲು ಶೇ. 45 ಬೇಕು ಎಂಬ ದೇಶದಲ್ಲಿ ಮಾವ ಮಾತ್ರ ಇನ್ನೂ ಏಣಿಯನ್ನು ನಂಬಿಕೊಂಡಿದ್ದಾರೆ.

ನಾಲ್ಕು ವರ್ಷ ಕಳೆಯುತ್ತದೆ. ಅಂಕ ಕಡಿಮೆಯೆಂದು ಹೆಚ್ಚು ಹಣ ಕೊಟ್ಟು ಸೇರಿದವಳು ಈಗ ಕಡಿಮೆ ಹಣ ಪಡೆಯಲು ಸೇರಬೇಕು. ಸುಪ್ರೀಂ ಕೋರ್ಟಿನ ಮಾತಿನಂತೆ 2016ರಲ್ಲಿ ಕೇಂದ್ರದ ಸಮಿತಿಯೊಂದು ಕುಳಿತು, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆಗಿಂತ ದೊಡ್ಡದಾದರೆ ಸರಕಾರಿ ನರ್ಸಿಗೆ ಸಮ ಕೊಡಬೇಕು ಎಂದು ಬರೆದಿತ್ತು. ಶಿಫಾರಸಿಗೆ ಪಾಸ್ ಮಾರ್ಕು ಎಂದಿಲ್ಲ, ಹಾಗಾಗಿ ಫೇಲಾಗುವ ಭಯವೂ ಇಲ್ಲ.

ಸಂದರ್ಶನದ ಕೋಣೆಯಲ್ಲಿ ಎಚ್‌ಆರ್ ಸಾಹೇಬರು ಕಡತ ಬಿಡಿಸುತ್ತಾರೆ. ಸೆಮಿಸ್ಟರಿನ ಹಾಳೆಗಳನ್ನೆಲ್ಲ ಮಗುಚಿ, ಅಡಿಯಲ್ಲಿದ್ದ ಪಿಯುಸಿ ಕಾರ್ಡನ್ನು ಎಳೆದು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

“ಕೆಮಿಸ್ಟ್ರಿಯಲ್ಲಿ ಸ್ವಲ್ಪ ಕಡಿಮೆ ಉಂಟಲ್ಲ? ಹಾಗಾಗಿ ಸುರುವಿಗೆ ಹನ್ನೆರಡು ಸಾವಿರ ಮಾಡುವ.”

“ಆಗಲಿ ಸರ್” ಎನ್ನುತ್ತಾಳೆ ಹುಡುಗಿ. “ಆರು ತಿಂಗಳ ಮಟ್ಟಿಗೆ ಅಲ್ಲವೇ? ಜರ್ಮನ್ ಭಾಷೆಯ ಬಿ1 ಪರೀಕ್ಷೆ ಆಗಿದೆ. ಬಿ2 ಒಂದು ಬಾಕಿ.”