ಅಕ್ಕಾರ, ಈ ಹಗ್ಗ ಎಷ್ಟು ತಡೀತೈತ್ರಿ?

ಹುಬ್ಬಳ್ಳಿಯಲ್ಲಿ ನಮ್ಮದು ಹಗ್ಗ, ತಾಡಪತ್ರಿ, ಗೋಣಿಚೀಲದ ಅಂಗಡಿ. ಅಪ್ಪ ಹಾಕಿದ್ದು. ನಾನು ಧಾರವಾಡದಲ್ಲಿ ಬಿಎಸ್ಸಿ ಫಿಸಿಕ್ಸ್ ಓದಿ ಟೀಚರ್ ಆಗಬೇಕು ಅಂದುಕೊಂಡಿದ್ದವಳು. ಅಪ್ಪನ ಮೊಣಕಾಲು ಕೈಕೊಟ್ಟಾಗ "ಎರಡು ತಿಂಗಳ ಮಟ್ಟಿಗೆ" ಅಂತ ಗಲ್ಲೆಯ ಮೇಲೆ ಕೂತೆ. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಎದ್ದಿಲ್ಲ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಮೇಲೆ ತಲೆಬರಹದಲ್ಲಿ ಇದೆಯಲ್ಲ, ಅದೇ. ರೇಟು ಕೇಳುವುದು ಅದಾದ ಮೇಲೆ.

ಹೋದ ವಾರ ತಮ್ಮನ ಮಗ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದ. ಒಂಬತ್ತನೇ ಕ್ಲಾಸು. ಭೂಮಿಯಿಂದ ಆಕಾಶಕ್ಕೆ ಲಿಫ್ಟ್ ಕಟ್ಟುತ್ತಾರಂತೆ, ರಾಕೆಟ್ಟೇ ಬೇಡವಂತೆ, ಬಟನ್ ಒತ್ತಿದರೆ ಮೇಲೆ ಹೋಗಬಹುದಂತೆ. ವಿಡಿಯೋ ತೋರಿಸಿ ಕೇಳಿದ: "ಅತ್ತಿ, ಇದಕ್ಕ ಬೇಕಾದ ಹಗ್ಗ ನಮ್ಮ ಅಂಗಡ್ಯಾಗ ಐತೇನು?"

ಚೇಷ್ಟೆಗೆ ಕೇಳಿದ್ದು. ಆದರೆ ಈ ವಿಷಯದ ಬಗ್ಗೆ ದೊಡ್ಡವರು ಕೇಳುವ ಪ್ರಶ್ನೆಗಳಿಗಿಂತ ಅವನದೇ ಸರಿಯಾದ ಪ್ರಶ್ನೆ. ಮನೆಯ ವಾಟ್ಸಾಪ್ ಗ್ರೂಪಿಗೆ ಅದೇ ವಿಡಿಯೋ ಬಂದಾಗ ಒಬ್ಬರು "ಏನು ತಂತ್ರಜ್ಞಾನ!" ಅಂದರು. ಇನ್ನೊಬ್ಬರು "ರೊಕ್ಕ ಹೆಚ್ಚಾಗೇತಿ ಅವರಿಗೆ" ಅಂದರು. ಹಗ್ಗದ ಬಗ್ಗೆ ಯಾರೂ ಕೇಳಲಿಲ್ಲ.

ಲಿಫ್ಟಿನ ಆಸೆ ಯಾಕೆ ಹುಟ್ಟಿತು ಅಂತ ಮೊದಲು ಹೇಳಿಬಿಡುತ್ತೇನೆ. ಇಸ್ರೋದ ಎಲ್‌ವಿಎಂ3 ರಾಕೆಟ್ ನೆಲ ಬಿಡುವಾಗ ಅದರ ತೂಕ ಸುಮಾರು 640 ಟನ್. 2023ರ ಜುಲೈನಲ್ಲಿ ಅದು ಹೊತ್ತೊಯ್ದ ಚಂದ್ರಯಾನ-3ರ ತೂಕ 3.9 ಟನ್. ಒಂದು ಕಿಲೋ ಸಾಮಾನು ಮುಟ್ಟಿಸಲು 160 ಕಿಲೋ ಎದ್ದು ಹೊರಡಬೇಕು! ಅದರಲ್ಲಿ ಬಹುಪಾಲು ಇಂಧನ. ಆ ಇಂಧನದಲ್ಲೂ ಜಾಸ್ತಿ ಭಾಗ ಸುಡುವುದು ಉಳಿದ ಇಂಧನವನ್ನು ಎತ್ತುವುದಕ್ಕೇ. ಎತ್ತಿಗೆ ಮೇವು ಹೇರಿಕೊಂಡು ಹೊರಟ ಚಕ್ಕಡಿಯಲ್ಲಿ ಮೇವೇ ತುಂಬಿ, ಜೋಳದ ಚೀಲಕ್ಕೆ ಜಾಗವಿಲ್ಲ ಅನ್ನುವಂಥ ಪರಿಸ್ಥಿತಿ. ಅದೂ ಊರು ಮುಟ್ಟಿದ ಮೇಲೆ ಚಕ್ಕಡಿಯನ್ನು ಹಳ್ಳಕ್ಕೆ ದೂಡಿ ಬರುವುದು. ವ್ಯಾಪಾರ ಮಾಡುವವರಿಗೆ ಈ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಎತ್ತರದ ಗೋಪುರ ಕಟ್ಟಿ, ತುದಿಯಿಂದ ಸಾಮಾನು ಆಚೆ ಬಿಟ್ಟರೆ ಆಯಿತಲ್ಲ? ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅದನ್ನು ಎತ್ತಿ ನಿಲ್ಲಿಸಿದರೆ 828 ಮೀಟರಿನ ಬುರ್ಜ್ ಖಲೀಫಾ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ. ಅಂಥ 265 ಪ್ಲಾಟ್‌ಫಾರ್ಮ್ ಒಂದರ ಮೇಲೊಂದು ನಿಲ್ಲಿಸಿ 400 ಕಿ.ಮೀ. ಎತ್ತರಕ್ಕೆ, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಿರುಗುವ ಎತ್ತರಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ಅಲ್ಲಿಂದ ಕಲ್ಲು ಕೈಬಿಟ್ಟರೆ ಅದು ತೇಲುವುದಿಲ್ಲ. ಸೀದಾ ಕೆಳಗೆ ಬೀಳುತ್ತದೆ. ಅಷ್ಟು ಎತ್ತರದಲ್ಲೂ ಭೂಮಿಯ ಎಳೆತ ಸುಮಾರು ಶೇ. 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣ ಬೀಳದೆ ಇರುವುದು ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಓಡುತ್ತಿರುವುದರಿಂದ. ಅಲ್ಲಿ ತಿರುಗುವ ವಸ್ತುವಿಗೆ ಕೊಡಬೇಕಾದ ಶಕ್ತಿಯನ್ನು ಒಂಬತ್ತು ಪಾಲು ಮಾಡಿದರೆ ಎತ್ತರಕ್ಕೆ ಬೇಕಾದ್ದು ಹೆಚ್ಚುಕಡಿಮೆ ಒಂದು ಪಾಲು. ಉಳಿದ ಎಂಟು ವೇಗಕ್ಕೆ.

ಇದನ್ನು ಹುಡುಗನಿಗೆ ಹೇಳಲು ಕವಣಿ ಬೇಕಾಯಿತು. ನನ್ನ ಅಜ್ಜಿಯ ಊರು ರೋಣದ ಕಡೆ. ಜೋಳ ಕಾಳುಗಟ್ಟುವಾಗ ಹಕ್ಕಿ ಓಡಿಸಲು ಹೊಲದಲ್ಲಿ ಅಟ್ಟ ಹಾಕಿ, ಅದರ ಮೇಲೆ ನಿಂತು ಕವಣಿ ಬೀಸುತ್ತಿದ್ದರು. ಅಟ್ಟ ಎತ್ತರ ಇದ್ದ ಮಾತ್ರಕ್ಕೆ ಕಲ್ಲು ದೂರ ಹೋಗುವುದಿಲ್ಲ, ಬೀಸು ಬೇಕು. ಮತ್ತೆ ಬೀಸುವಾಗ ಇನ್ನೊಂದು ವಿಷಯ ನಡೆಯುತ್ತದೆ. ಕಲ್ಲು ಹೊರಗೆ ಜಗ್ಗುತ್ತದೆ, ಹಗ್ಗ ಬಿಗಿಯಾಗಿ ನಿಲ್ಲುತ್ತದೆ. ಆಕಾಶದ ಲಿಫ್ಟಿನ ಗುಟ್ಟೆಲ್ಲ ಈ ಬಿಗಿಯಲ್ಲಿದೆ. ಬೀಸುವ ಕೈ ಭೂಮಿಯದು, ಅಷ್ಟೇ ವ್ಯತ್ಯಾಸ.

1895ರಲ್ಲಿ ತ್ಸಿಯೋಲ್ಕೋವ್ಸ್ಕಿ ಎಂಬ ರಷ್ಯಾದ ಶಾಲಾ ಮಾಸ್ತರರು ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಪ್ರೇರಣೆ ಪಡೆದು, ಅಂಥದ್ದನ್ನೇ ಕಟ್ಟುತ್ತಾ ಹೋದರೆ ಏನಾದೀತು ಅಂತ ಲೆಕ್ಕ ಹಾಕಿದರು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರ ಮುಟ್ಟಿದರೆ ಭೂಮಿ ತಿರುಗುವ ವೇಗಕ್ಕೂ ಅಲ್ಲಿ ಸುತ್ತಲು ಬೇಕಾದ ವೇಗಕ್ಕೂ ತಾಳೆಯಾಗುತ್ತದೆ. ಅಲ್ಲಿ ಕೈಬಿಟ್ಟರೆ ಬೀಳುವುದಿಲ್ಲ. ಹಾಸನದ ಕೇಂದ್ರದವರು ನೋಡಿಕೊಳ್ಳುವ ನಮ್ಮ ಟಿವಿ ಉಪಗ್ರಹಗಳು ಇರುವ ಎತ್ತರವೇ ಅದು. ಆದರೆ ಕೆಳಗಿನಿಂದ ಅಷ್ಟು ಎತ್ತರ ಕಟ್ಟಿದರೆ ಬುಡ ತನ್ನ ಭಾರಕ್ಕೇ ಪುಡಿಯಾಗುತ್ತದೆ. 1960ರಲ್ಲಿ ಯೂರಿ ಅರ್ತ್ಸುತಾನೊವ್ ಎಂಬ ರಷ್ಯಾದ ಎಂಜಿನಿಯರ್ ಇದನ್ನೇ ತಿರುವಿ ಹಾಕಿದರು. ಕಟ್ಟುವುದು ಬೇಡ, ಮೇಲಿನಿಂದ ಇಳಿಬಿಡೋಣ. 36,000 ಕಿ.ಮೀ. ಎತ್ತರದಿಂದ ಒಂದು ತುದಿ ಭೂಮಿಗೆ, ಇನ್ನೊಂದು ತುದಿ ಆಚೆಗೆ. ಆಚೆಯದು ಕವಣಿಯ ಕಲ್ಲಿನ ಹಾಗೆ ಜಗ್ಗುತ್ತದೆ, ಈಚೆಯದು ಬಾವಿಯ ಹಗ್ಗದ ಹಾಗೆ ನೇತಾಡುತ್ತದೆ. ನೋಡಿ, ಗೋಪುರದ ಕೆಲಸ ಹಗ್ಗದ ಕೆಲಸವಾಗಿ ನಮ್ಮ ಧಂದೆಗೆ ಬಂತು.

ಹಗ್ಗದವಳಾಗಿ ನಾನು ಕೇಳುವ ಮೊದಲ ಮಾತು: ಹಗ್ಗ ತನ್ನನ್ನು ತಾನು ಎಷ್ಟು ಹೊರುತ್ತದೆ?

ಆಳದ ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ಕೊಡ ಕೆಳಗಿದ್ದಾಗ ತೋಳಿಗೆ ಬೀಳುವುದು ಕೊಡದ ಭಾರ ಮಾತ್ರ ಅಲ್ಲ, ಒದ್ದೆ ಹಗ್ಗದ ಭಾರವೂ. ಇನ್ನೂ ಆಳಕ್ಕೆ ಹೋದರೆ ಕೊಡವೇ ಇಲ್ಲದಿದ್ದರೂ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಒಳ್ಳೆ ಉಕ್ಕಿನ ತಂತಿಗೆ ಆ ಮಿತಿ ಸುಮಾರು 25 ಕಿ.ಮೀ. ಗುಂಡು ತಡೆಯುವ ಜಾಕೆಟ್ಟಿಗೆ ಬಳಸುವ ಕೆವ್ಲಾರ್ ನಾರಿಗೆ ಸುಮಾರು 250. ಮೇಲೆ ಹೋದಂತೆ ಭೂಮಿಯ ಎಳೆತ ಕಡಿಮೆಯಾಗುತ್ತದೆ, ತಿರುಗುವುದರಿಂದಲೂ ಒಂದಿಷ್ಟು ಹಗುರವಾಗುತ್ತದೆ. ಹಾಗಾಗಿ ಆಕಾಶದ ಹಗ್ಗಕ್ಕೆ 36,000 ಪೂರ್ತಿ ಬೇಕಿಲ್ಲ. ಒಂದೇ ದಪ್ಪದ ಹಗ್ಗ ಸುಮಾರು 5,000 ಕಿ.ಮೀ. ತನ್ನನ್ನು ತಾನು ಹೊತ್ತರೆ ಸಾಕು. ಆದರೂ 250 ಎಲ್ಲಿ, 5,000 ಎಲ್ಲಿ!

ಇದಕ್ಕೊಂದು ಉಪಾಯ ಇದೆ. ಮೇಲೆ ದಪ್ಪ, ಕೆಳಗೆ ಸಣ್ಣ ಹೊಸೆಯುವುದು. ಬಾರಕೋಲಿನ ಹಾಗೆ. 1975ರಲ್ಲಿ ಅಮೆರಿಕದ ಜೆರೋಮ್ ಪಿಯರ್ಸನ್ ಇದರ ಲೆಕ್ಕವನ್ನು ಚೆನ್ನಾಗಿ ಬಿಡಿಸಿಟ್ಟರು. ಆದರೆ ಆ ಲೆಕ್ಕ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ನೆಲದ ಹತ್ತಿರ ಒಂದು ಚದರ ಮಿಲಿಮೀಟರ್ ಇರುವ ಕೆವ್ಲಾರ್ ಎಳೆ ಮೂರು ಕ್ವಿಂಟಲ್ ತಡೆಯುತ್ತದೆ. ಅದು 36,000 ಕಿ.ಮೀ. ಮೇಲೆ ಹೋಗುವಷ್ಟರಲ್ಲಿ 250 ಚದರ ಮೀಟರ್ ಆಗಬೇಕು. ಎರಡು 30×40 ಸೈಟಿಗಿಂತ ಜಾಸ್ತಿ ಅಗಲದ ಹಗ್ಗ, ಕೆಳಗೆ ಮೂರು ಚೀಲ ಎತ್ತುವುದಕ್ಕೆ! ಉಕ್ಕಿನದಂತೂ ಕೇಳಲೇಬೇಡಿ, ಭೂಮಿಗಿಂತಲೂ ಎಷ್ಟೋ ಪಟ್ಟು ದಪ್ಪ ಬೇಕು. ಆ ಸ್ಟಾಕ್ ಇಡಲು ನನ್ನ ಗೋಡೌನಿನಲ್ಲಿ ಜಾಗ ಇಲ್ಲ.

ಎಲ್ಲರ ಕಣ್ಣು ಕಾರ್ಬನ್ ನ್ಯಾನೊಟ್ಯೂಬಿನ ಮೇಲೆ ಬಿದ್ದಿದ್ದು ಅದಕ್ಕೇ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅದರ ಬಗ್ಗೆ ಬರೆದ ಮೇಲೆ ಈ ಲಿಫ್ಟಿನ ಮಾತಿಗೆ ಮತ್ತೆ ಜೀವ ಬಂತು. ತಲೆಗೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ಕೊಳವೆ. ಕಾಗದದ ಮೇಲೆ ಅದರ ಬಲ ಸಾಕು. 2012ರಲ್ಲಿ ಜಪಾನಿನ ಒಬಯಾಶಿ ಕಂಪನಿ 96,000 ಕಿ.ಮೀ. ಉದ್ದದ ಹಗ್ಗದ ಯೋಜನೆ ಮುಂದಿಟ್ಟು 2050 ಅಂತ ಗುರಿ ಹೇಳಿತು. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹತ್ತಿದರೂ 36,000 ಮುಟ್ಟಲು ಏಳೂವರೆ ದಿನ. ಏಳು ರಾತ್ರಿ ಲಿಫ್ಟಿನಲ್ಲಿ! (ಬುತ್ತಿಗೆ ಖಡಕ್ ರೊಟ್ಟಿ ಒಳ್ಳೇದು, ಕೆಡುವುದಿಲ್ಲ.)

ಹುಡುಗ ತೋರಿಸಿದ ವಿಡಿಯೋದಲ್ಲಿ ಇಲ್ಲಿಯ ತನಕ ಇದೆ. ಇಲ್ಲಿಂದ ಮುಂದಿನದು ಇಲ್ಲ.

2013ರಲ್ಲಿ ಚೀನಾದ ಸಿಂಗ್ಹುವಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅರ್ಧ ಮೀಟರಿನಷ್ಟು ಉದ್ದದ ನ್ಯಾನೊಟ್ಯೂಬ್ ಬೆಳೆಸಿದಾಗ ಅದೇ ದಾಖಲೆ. "ಅರ್ಧ ಮೀಟರ್ ಎಲ್ಲಿ, 96,000 ಕಿ.ಮೀ. ಎಲ್ಲಿ" ಅಂತ ನಗುವವರಿದ್ದಾರೆ. ನಾನು ಅದಕ್ಕೆ ನಗುವುದಿಲ್ಲ. ನಮ್ಮ ಧಾರವಾಡದಲ್ಲೇ ತಯಾರಾದ ಡಿಸಿಎಚ್-32 ಹತ್ತಿ ಇದೆಯಲ್ಲ, ಉದ್ದ ಎಳೆಯ ಹತ್ತಿ ಅಂತ ಹೆಸರಾದದ್ದು, ಅದರ ಎಳೆಯೂ ಒಂದೂವರೆ ಇಂಚಿನ ಆಸುಪಾಸು. ಆ ಅಷ್ಟುದ್ದದ ಎಳೆಗಳನ್ನು ಹುರಿ ಮಾಡಿ ಮೈಲುಗಟ್ಟಲೆ ನೂಲು ತೆಗೆಯುತ್ತೇವೆ. ಗರಗದ ನೂಲು, ಬೆಂಗೇರಿಯ ಬಾವುಟ ಎಲ್ಲ ಬಂದಿದ್ದು ಹಾಗೇ. ಎಳೆ ಉದ್ದ ಇರಲೇಬೇಕು ಅಂತಿಲ್ಲ. ಒಂದು ಎಳೆ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹತ್ತಿ ಎಳೆಗೆ ಸುರುಳಿ ಇದೆ, ಒರಟು ಇದೆ, ಹಿಡಿದುಕೊಳ್ಳುತ್ತದೆ. ನ್ಯಾನೊಟ್ಯೂಬಿನ ಮೈ ನುಣುಪು. ಜಗ್ಗಿದರೆ ಒಂದರ ಪಕ್ಕದಿಂದ ಒಂದು ಜಾರುತ್ತದೆ. ಒಂಟಿ ಎಳೆಗೆ ಇರುವ ಬಲ ಹೊಸೆದ ಹಗ್ಗಕ್ಕೆ ಬರುತ್ತಿಲ್ಲ. ನನ್ನ ಮಟ್ಟಿಗೆ ತೊಡಕು ಇರುವುದು ಇದರಲ್ಲಿ. ಆಕಾಶ, ಎತ್ತರ ಎಲ್ಲ ಆಮೇಲೆ.

ಇನ್ನೊಂದು. ಹಗ್ಗ ಹರಿದು ಅಂಗಡಿಗೆ ವಾಪಸ್ ತರುವವರು ನಮ್ಮಲ್ಲಿ ಆಗಾಗ ಬರುತ್ತಾರೆ, ಜಗಳಕ್ಕೇ ಬರುತ್ತಾರೆ. ಹರಿದ ತುದಿ ನೋಡಿದರೆ ಗೊತ್ತಾಗುತ್ತದೆ. ನೇರ ಜಗ್ಗಿ ಹರಿದದ್ದು ಅಪರೂಪ. ಗಡಗಡೆಗೆ ತಿಕ್ಕಿ ಸವೆದಿರುತ್ತದೆ, ಬಿಸಿಲಿಗೆ ಒಣಗಿ ಪುಡಿಯಾಗಿರುತ್ತದೆ, ಇಲ್ಲವೇ ಗಂಟಿನ ಹತ್ತಿರ ಹೋಗಿರುತ್ತದೆ. ಗಂಟು ಹಾಕಿದ ಕಡೆ ಹಗ್ಗದ ಬಲ ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ. 1996ರ ಫೆಬ್ರವರಿಯಲ್ಲಿ ಅಮೆರಿಕದ ಕೊಲಂಬಿಯಾ ಎಂಬ ಬಾಹ್ಯಾಕಾಶ ನೌಕೆಯಿಂದ ಒಂದು ಉಪಗ್ರಹವನ್ನು ಸುಮಾರು 20 ಕಿ.ಮೀ. ಉದ್ದದ ಹಗ್ಗಕ್ಕೆ ಕಟ್ಟಿ ಬಿಟ್ಟಿದ್ದರು. ಪೂರ್ತಿ ಬಿಚ್ಚಲು ಇನ್ನೇನು ಒಂದು ಕಿ.ಮೀ. ಇರುವಾಗ ಹರಿದುಹೋಯಿತು. ಭಾರಕ್ಕಲ್ಲ. ಹೊದಿಕೆಯಲ್ಲಿ ಸಣ್ಣ ಕೊರತೆ ಇತ್ತು, ಅಲ್ಲಿ ವಿದ್ಯುತ್ ಕಿಡಿ ಹಾರಿ ಹಗ್ಗ ಸುಟ್ಟಿತು. ಆಕಾಶದ ಲಿಫ್ಟಿನ ಹಗ್ಗಕ್ಕೆ ಮಿಂಚು ಇದೆ, ಬಿರುಗಾಳಿ ಇದೆ. ಅದಕ್ಕಿಂತ ಕಷ್ಟದ್ದು, ಕೆಳಗಿನ ಕಕ್ಷೆಗಳಲ್ಲಿ ಸುತ್ತುವ ಹಳೇ ಉಪಗ್ರಹ, ರಾಕೆಟ್ ಚೂರು ಎಲ್ಲವೂ ಭೂಮಧ್ಯರೇಖೆಯನ್ನು ದಾಟಿಯೇ ಹೋಗುತ್ತವೆ. ಇವತ್ತಲ್ಲ ನಾಳೆ ಒಂದು ಬಂದು ತಗುಲುತ್ತದೆ. ಜನ ಹತ್ತುವ ಲಿಫ್ಟಿಗೆ ಹಗ್ಗ ಕೊಡುವಾಗ ಬೇಕಾದ್ದಕ್ಕಿಂತ ಹತ್ತು ಪಟ್ಟಿನ ಆಸುಪಾಸು ಬಲ ಇರಬೇಕು ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಆಕಾಶದ ಹಗ್ಗದಲ್ಲಿ ಎರಡು ಪಟ್ಟು ಸಿಕ್ಕರೂ ಹಬ್ಬ ಮಾಡಬೇಕು.

ಹಗ್ಗವೇ ಬೇಡ ಅನ್ನುವವರೂ ಇದ್ದಾರೆ. ಕೀತ್ ಲಾಫ್‌ಸ್ಟ್ರಮ್ ಅನ್ನುವವರು 1980ರ ದಶಕದಲ್ಲಿ ಹೇಳಿದ್ದು: 2,000 ಕಿ.ಮೀ. ಉದ್ದದ ಕೊಳವೆ, ಅದರೊಳಗೆ ಭಾರಿ ವೇಗದಲ್ಲಿ ಓಡುವ ಕಬ್ಬಿಣದ ಪಟ್ಟಿ. ಹೊಲದಲ್ಲಿ ನೀರು ಜೋರಾಗಿ ಬಿಟ್ಟಾಗ ಪೈಪು ತಾನೇ ಎದ್ದು ನಿಲ್ಲುತ್ತದಲ್ಲ, ಹಾಗೆ ಆ ಓಟದ ಬಲಕ್ಕೇ 80 ಕಿ.ಮೀ. ಎತ್ತರಕ್ಕೆ ಎದ್ದು ನಿಲ್ಲುವುದು. ಅದರ ಉದ್ದ ಹುಬ್ಬಳ್ಳಿಯಿಂದ ಹಿಡಿದರೆ ಹೆಚ್ಚುಕಡಿಮೆ ಕಾಶ್ಮೀರದ ಶ್ರೀನಗರದ ತನಕ. ಲೆಕ್ಕ ಸರಿ ಇದೆಯಂತೆ. ಆದರೆ ಕರೆಂಟು ಹೋದರೆ ಬೀಳುವ ಸೇತುವೆಯ ಕೆಳಗೆ ಮನೆ ಕಟ್ಟಲು ನನಗಂತೂ ಧೈರ್ಯ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ಬೇಜಾರಾಯಿತು. "ಹಂಗಾರ ಇದು ಸುಳ್ಳ?" ಅಂದ. ಸುಳ್ಳಲ್ಲಪ್ಪಾ. ಜಾಗ ತಪ್ಪು ಹಿಡಿದಿದ್ದಾರೆ ಅಂತ ನನ್ನ ಅನಿಸಿಕೆ. ಚಂದ್ರನ ಎಳೆತ ಭೂಮಿಯದರ ಆರರಲ್ಲಿ ಒಂದು ಪಾಲು. ಗಾಳಿ ಇಲ್ಲ, ಮಿಂಚಿಲ್ಲ. ಚಂದ್ರನಿಂದ ಭೂಮಿಯ ಕಡೆಗೆ ಸುಮಾರು 56,000 ಕಿ.ಮೀ. ಬಂದರೆ, ಸುತ್ತುವ ಬೀಸನ್ನೂ ಲೆಕ್ಕಕ್ಕೆ ಹಿಡಿದು, ಎರಡರ ಎಳೆತಗಳು ಸರಿದೂಗುವ ಒಂದು ಜಾಗ ಸಿಗುತ್ತದೆ. ಅದನ್ನು ದಾಟಿ ಭೂಮಿಯ ಕಡೆಗೆ ಇಳಿಬಿಟ್ಟ ಹಗ್ಗವನ್ನು ಭೂಮಿಯೇ ಜಗ್ಗಿ ಬಿಗಿ ಮಾಡುತ್ತದೆ. ಅದಕ್ಕೆ ಈಗ ಮಾರುಕಟ್ಟೆಯಲ್ಲಿರುವ ಕೆವ್ಲಾರ್‌ನಂಥ ನಾರೇ ಸಾಕು ಅಂತ ಪಿಯರ್ಸನ್ ಮತ್ತು ಅವರ ಜೊತೆಯವರು 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನನ್ನನ್ನು ಕೇಳಿದರೆ ಹಗ್ಗ ಮೊದಲು ಅಲ್ಲಿ ಇಳಿಬಿಡಬೇಕು. ಸಣ್ಣ ಬಾವಿಯಲ್ಲಿ ಸೇದಲು ಕಲಿತು ಆಮೇಲೆ ದೊಡ್ಡದಕ್ಕೆ ಹೋಗುವುದು.

ಅಲ್ಲಿಯ ತನಕ ಖರ್ಚು ಇಳಿಸುವ ದಾರಿ ಬಹಳ ಸಪ್ಪೆಯದು. ಚಕ್ಕಡಿಯನ್ನು ಹಳ್ಳಕ್ಕೆ ದೂಡಬೇಡಿ, ಅಷ್ಟೇ. ಸ್ಪೇಸ್‌ಎಕ್ಸ್‌ನವರು 2015ರ ಡಿಸೆಂಬರಿನಲ್ಲಿ ರಾಕೆಟ್ಟಿನ ಕೆಳಭಾಗವನ್ನು ವಾಪಸ್ ಇಳಿಸಿದರು. 2017ರಲ್ಲಿ ಬಳಸಿದ್ದನ್ನೇ ಮತ್ತೆ ಹಾರಿಸಿದರು. ನಮ್ಮ ಇಸ್ರೋದವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಪುಷ್ಪಕ್ ಎಂಬ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಮೇಲೆ ಒಯ್ದು ಬಿಟ್ಟು, ಅದು ತಾನೇ ರನ್‌ವೇಗೆ ಇಳಿಯುವ ಹಾಗೆ ಮಾಡಿದರು. 2023ರ ಏಪ್ರಿಲ್‌ನಿಂದ 2024ರ ಜೂನ್ ತನಕ ಮೂರು ಸಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವವರಿಗೆ ಚಳ್ಳಕೆರೆ ಅಷ್ಟೇನೂ ದೂರ ಅಲ್ಲ. ಆದರೂ ಆ ವಿಡಿಯೋವನ್ನು ನಮ್ಮ ಗ್ರೂಪಿಗೆ ಯಾರೂ ಕಳಿಸಿರಲಿಲ್ಲ. ಲಿಫ್ಟಿನದು ಮಾತ್ರ ಏಳು ಸಲ ಬಂತು.

ಮಾತು ನಡೆದಿದ್ದಾಗಲೇ ಕುಂದಗೋಳದ ಕಡೆಯ ರೈತರೊಬ್ಬರು ಬಂದರು. ಬೋರಿನ ಮೋಟಾರಿಗೆ ಕಟ್ಟಲು ಹಗ್ಗ ಬೇಕಿತ್ತು. 12 ಎಂಎಂ ಸುರುಳಿ ಮುಟ್ಟಿ ನೋಡಿ ಕೇಳಿದರು: "ಅಕ್ಕಾರ, ಎಷ್ಟು ತಡೀತೈತ್ರಿ?"

ನಾನು ಬಾಯಿ ತೆಗೆಯುವ ಮೊದಲೇ ಹುಡುಗ ಕೇಳಿದ: "ಕಾಕಾ, ಎಷ್ಟು ಆಳಕ್ಕ ಇಳಿಬಿಡ್ತೀರಿ?"

"ಆರನೂರು ಫೂಟ."

"ಹಂಗಾರ ಹಗ್ಗದ್ದ ಭಾರಾನೂ ಲೆಕ್ಕ ಹಿಡೀಬೇಕ್ರಿ. ಅದ ಒಂದು 12 ಕಿಲೋ ಆಕ್ಕೈತಿ."

ಅವರು ನನ್ನ ಮುಖ ನೋಡಿದರು, ಆಮೇಲೆ ತಕ್ಕಡಿ ನೋಡಿದರು. "ಆಗಲಿ ಬಿಡಪ್ಪ," ಅಂದರು. "ಕಿಲೋ ಲೆಕ್ಕದಾಗ ಮಾರಾವ್ರು ನೀವು. ಹಗ್ಗ ಭಾರ ಆದ್ರ ನಿಮಗೇನು ಲುಕ್ಸಾನ?"