ನಿಂಬೆಹಣ್ಣು ಒಡೀಲಿಲ್ಲ

ಗಾಡಿ ಪೂಜೆಗೆ ನಿಂಬೆಹಣ್ಣು ಎಲ್ಲಿ ಇಡ್ಬೇಕು ಅನ್ನೋದೇ ಮೊದಲ್ನೇ ತಕರಾರು. ಕಾರಾದ್ರೆ ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು, ಮುಗೀತು. ಇದು ಸ್ನೋಮೊಬೈಲು, ಹಿಮದ ಮೇಲೆ ಓಡೋ ಗಾಡಿ, ಇದಕ್ಕೆ ಮುಂದೆ ಜಾರೋ ಪಟ್ಟಿ ಥರ ಎರಡು ಸ್ಕೀ, ಹೊಟ್ಟೆ ಕೆಳಗೆ ಗಿರ್ರಂತ ಸುತ್ತೋ ಒಂದು ರಬ್ಬರ್ ಟ್ರ್ಯಾಕು, ಅಷ್ಟೇ. ಕೊನೆಗೆ ನಮ್ಮನೆಯವಳು "ಸ್ಕೀ ಕೆಳಗೇ ಇಡಿ ರೀ, ದೇವರಿಗೆ ಅರ್ಥ ಆಗುತ್ತೆ" ಅಂದ್ಲು. ಸರಿ ಅಂತ ಎರಡು ಇಟ್ಟೆ. ಆದ್ರೆ ಇದು ತಿಪಟೂರಲ್ಲ, ಕೆನಡಾದ ಕ್ಯಾಲ್ಗರಿ, ಡಿಸೆಂಬರು, ಹೊರಗಡೆ ಮೈನಸ್ 24, ನಿಂಬೆಹಣ್ಣು ರಾತ್ರಿಯೆಲ್ಲಾ ಗರಾಜಲ್ಲೇ ಇತ್ತು. ಮೆಲ್ಲಗೆ ಥ್ರಾಟಲ್ ಒತ್ತಿದೆ, ಟಕ್ ಅಂತು, ಸ್ಕೀ ಅದರ ಮೇಲೆ ಹತ್ತಿ ಇಳೀತು, ನಿಂಬೆಹಣ್ಣು ಗೋಲಿ ಥರ ಉರುಳ್ಕೊಂಡು ಪಕ್ಕದ್ಮನೆ ಅಜ್ಜನ ಡ್ರೈವ್‌ವೇಗೆ ಹೋಯ್ತು. ಅಜ್ಜ ಪಾಪ ಎತ್ಕೊಂಡು ಬಂದು, ನಿಮ್ಮ ಗಾಡಿಯಿಂದ ಏನೋ ಪಾರ್ಟ್ ಬಿದ್ದಿದೆ ನೋಡಿ ಅಂತ ಕೈಗೆ ಕೊಟ್ಟ.

ವಿಡಿಯೋ ಕಾಲಲ್ಲಿ ನೋಡ್ತಿದ್ದ ಅಮ್ಮ ಒಂದೇ ಮಾತು ಹೇಳಿದ್ದು, "ಒಡೀಲಿಲ್ಲ ಕಣೋ ಮಗಾ." ಅದಾದ್ಮೇಲೆ ರೇಟ್ ಕೇಳಿದ್ಲು. ಡಾಲರ್‌ನ ರೂಪಾಯಿಗೆ ಗುಣಿಸಿ ಹನ್ನೊಂದು ಲಕ್ಷ ಅಂತ ಅವಳೇ ಲೆಕ್ಕ ಹಾಕಿ, ಚಕ್ರನೂ ಇಲ್ದಿರೋ ಗಾಡಿಗೆ ಹನ್ನೊಂದು ಲಕ್ಷನಾ ಅಂತ ಫೋನ್ ಇಟ್ಟೇ ಬಿಟ್ಲು.

ಕಂಪನಿ ಹೆಸರು ಹೇಳಲ್ಲ, ವಾರಂಟಿ ಇನ್ನೂ ಇದೆ. ಇದೆ ಅಂದ್ರೆ, ನಾನು ಇಲ್ಲಿ ಬರೆಯೋದನ್ನ ಅವರು ಓದೋವರೆಗೂ ಇದೆ.

ಗೊತ್ತಿಲ್ದವರಿಗೆ ಹೇಳ್ತೀನಿ, ಸ್ನೋಮೊಬೈಲ್‌ನ ಇಲ್ಲಿ ಎಲ್ರೂ ಸ್ಲೆಡ್ ಅಂತಾರೆ, ಅದರಲ್ಲೂ ಬೆಟ್ಟ ಹತ್ತೋ ಸ್ಲೆಡ್ಡೇ ಬೇರೆ ಜಾತಿ. ಟ್ರ್ಯಾಕು 165 ಇಂಚು ಉದ್ದ, ಅದರ ಮೇಲೆ ಮೂರು ಮೂರು ಇಂಚಿನ ರಬ್ಬರ್ ಹಲ್ಲು, ಸೊಂಟದವರೆಗೂ ಇರೋ ಪುಡಿ ಹಿಮದಲ್ಲಿ ಮುಳುಗ್ದೆ ಈಜ್ಕೊಂಡು ಹೋಗ್ಲಿ ಅಂತ. ಇಂಜಿನ್ 850 ಸಿಸಿ ಟೂ ಸ್ಟ್ರೋಕು. ನಾನು ಬಿದ್ದಿದ್ದೇ ಆ ಟೂ ಸ್ಟ್ರೋಕಿಗೆ, ಶೋರೂಮಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಆ ನೀಲಿ ಹೊಗೆ, ಆ ಟೂ-ಟಿ ಆಯಿಲ್ ವಾಸನೆ, ಮೈಸೂರಲ್ಲಿ ಯೆಜ್ಡಿ ಫ್ಯಾಕ್ಟರಿ ಮುಚ್ಚಿ ಎಷ್ಟು ವರ್ಷ ಆದ್ಮೇಲೆ ಮೂಗಿಗೆ ಸಿಕ್ತು, ಕಣ್ಣಲ್ಲಿ ನೀರು ಬಂತು, ಸೇಲ್ಸ್‌ನವನು ಅದನ್ನ ರೇಟಿಗೆ ಅಂದ್ಕೊಂಡು ಒಂದು ಹೆಲ್ಮೆಟ್ ಫ್ರೀ ಕೊಟ್ಟ.

ಹೊಸ ಗಾಡಿ ಅಂದ್ರೆ ಪೂರ್ತಿ ರೆಡಿಯಾಗಿರೋ ಗಾಡಿ ಅಂತ ನಾನು ಅಂದ್ಕೊಂಡಿದ್ದೆ. ನನ್ನ ದೋಸ್ತ್ ಒಬ್ಬ ಇದಾನೆ, ದಾವಣಗೆರೆಯವನು, ಇಲ್ಲಿ ಎಲ್ರೂ ಅವನನ್ನ ದಾವಣಗೆರೆ ಅಂತಲೇ ಕರೆಯೋದು, ಮೂರು ಸೀಸನ್‌ನಿಂದ ಸ್ಲೆಡ್ ಓಡಿಸ್ತಾನೆ. ಅವನು ಬಂದು ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೆಣ್ಣು ನೋಡೋಕೆ ಬಂದ ದೊಡ್ಡಪ್ಪನ ಥರ "ಚೆನ್ನಾಗೈತಿ, ಆದ್ರ..." ಅಂದ. ಆ ಆದ್ರ ಅನ್ನೋದು ಶುರುವಾಗಿದ್ದು ಮಾರ್ಚ್‌ವರೆಗೂ ನಿಲ್ಲಲಿಲ್ಲ.

ಮೊದಲ್ನೇದು ಹಿಂದಿನ ಫ್ಲಾಪು. ಲಾರಿ ಹಿಂದೆ ಮಡ್‌ಗಾರ್ಡ್ ಇರುತ್ತಲ್ಲ ಅಂಥದ್ದು, ಇದರಲ್ಲಿ ಸ್ವಲ್ಪ ಉದ್ದ. ಆಳದ ಹಿಮದಲ್ಲಿ ರಿವರ್ಸ್ ತಗೊಂಡ್ರೆ ಟ್ರ್ಯಾಕು ಈ ಫ್ಲಾಪ್‌ನ ಒಳಗೆ ಎಳ್ಕೊಂಡು ಕಿತ್ತಾಕುತ್ತೆ, ಹಂಗಾಗಿ ಮೊದಲೇ ಕತ್ತರಿಸಿಬಿಡೋದು ಬುದ್ಧಿವಂತರ ಲಕ್ಷಣ ಅಂದ ದಾವಣಗೆರೆ. ಹೊಸ ಗಾಡಿಗೆ ಬ್ಲೇಡ್ ಹಾಕೋವಾಗ ಕೈ ನಡುಗ್ತು, ಆದ್ರೂ ಕತ್ತರಿಸಿದೆ. ಕತ್ತರಿಸಿದ ತುಂಡನ್ನ ಗರಾಜ್ ಮೂಲೇಲಿ ಎಸೆದೆ. ಈ ತುಂಡು ನೆನಪಿರ್ಲಿ.

ಮೊದಲ ಸವಾರಿಗೆ ರೆವೆಲ್‌ಸ್ಟೋಕ್‌ಗೆ ಹೋದ್ವಿ. ಕ್ಯಾಲ್ಗರಿಯಿಂದ ಸುಮಾರು 400 ಕಿಲೋಮೀಟರು, ರಾಜರ್ಸ್ ಪಾಸ್ ದಾಟಿ ಇಳಿದ್ರೆ ಸಿಗೋ ಊರು. ಅಲ್ಲೇ ಹತ್ರದ ಮೌಂಟ್ ಕೋಪ್‌ಲ್ಯಾಂಡಲ್ಲಿ 1971-72ರ ಒಂದೇ ಚಳಿಗಾಲದಲ್ಲಿ 24 ಮೀಟರ್‌ಗಿಂತ ಜಾಸ್ತಿ ಹಿಮ ಬಿದ್ದಿತ್ತು, ಕೆನಡಾದ ರೆಕಾರ್ಡು, ಅಂದ್ರೆ ನಮ್ಮ ತಿಪಟೂರಿನ ಒಳ್ಳೆ ಎತ್ತರದ ತೆಂಗಿನಮರನೂ ಪೂರ್ತಿ ಮುಚ್ಚೋಗುತ್ತೆ. ಅಂಥ ಊರಲ್ಲಿ ನನ್ನ ಗಾಡಿಗೆ ಹಿಮ ಸಾಕಾಗಲಿಲ್ಲ ಅಂದ್ರೆ ನಂಬ್ತೀರಾ?

ಕಥೆ ಏನಪ್ಪಾ ಅಂದ್ರೆ ಈ ಸ್ಲೆಡ್‌ಗಳಿಗೆ ಕಾರಿನ ಥರ ಮುಂದೆ ದೊಡ್ಡ ರೇಡಿಯೇಟರ್ ಇರಲ್ಲ, ಟ್ರ್ಯಾಕನ್ನ ಮೇಲಿಂದ ಮುಚ್ಚೋ ಟನಲ್ ಅನ್ನೋ ತಗಡಿನ ಕವಚದ ಒಳಗೆ ಕೂಲರ್ ಇರುತ್ತೆ, ಟ್ರ್ಯಾಕು ಎರಚೋ ಹಿಮ ಅದಕ್ಕೆ ತಗುಲಿ ಕರಗಿದ್ರೆ ಇಂಜಿನ್ ತಣ್ಣಗಿರುತ್ತೆ. ಪುಡಿ ಹಿಮದಲ್ಲಿ ತೊಂದರೆ ಇಲ್ಲ. ಆದ್ರೆ ಪಾರ್ಕಿಂಗ್ ಲಾಟಿಂದ ಬೆಟ್ಟದ ಮೇಲಿನವರೆಗೆ ಹೋಗೋ ಟ್ರೇಲು ಗಟ್ಟಿ ಐಸು, ಎರಚೋಕೆ ಹಿಮ ಏಳೋದೇ ಇಲ್ಲ, ಎದ್ದ ಅಲ್ಪಸ್ವಲ್ಪನ ತಡೆದು ಕೂಲರ್ ಕಡೆ ವಾಪಸ್ ತಳ್ಳೋ ಕೆಲಸ ಯಾರದ್ದು ಗೊತ್ತಾ, ಆ ಫ್ಲಾಪಿಂದು. ಅದು ನಮ್ಮ ಗರಾಜ್ ಮೂಲೇಲಿತ್ತು. ಅರ್ಧ ದಾರೀಲಿ ಡಿಸ್‌ಪ್ಲೇ ಕೆಂಪಗಾಯ್ತು. ನಾನು ಗಾಡಿ ನಿಲ್ಸಿ, ಬಗ್ಗಿ, ಎರಡೂ ಕೈಯಲ್ಲಿ ಹಿಮ ಬಾಚಿ ಬಾಚಿ ಟನಲ್ ಮೇಲೆ ಹಾಕ್ತಾ ಕೂತೆ, ಜ್ವರ ಬಂದ ಮಗೂಗೆ ಒದ್ದೆ ಬಟ್ಟೆ ಹಾಕ್ದಂಗೆ. ನನ್ನ ಹಿಂದೆ ಬರ್ತಿದ್ದ ದಾವಣಗೆರೆ ಮುಖ, ಗಾಗಲ್ಸ್, ಮೀಸೆ ಎಲ್ಲಾ ಬೆಳ್ಳಗೆ, ಫ್ಲಾಪ್ ಇಲ್ದಿರೋ ಗಾಡಿ ಹಿಂದೆ ಬಂದವರ ಗತಿ ಅದೇ. "ಫ್ಲಾಪ್ ಕತ್ತರಿಸು ಅಂದೆ, ಇಷ್ಟು ಅಲ್ಲಲೇ" ಅಂದ. ಹಂಗಂತ ಆವತ್ತು ಹೇಳಿರ್ಲಿಲ್ಲ, ಸಾಕ್ಷಿ ಇದೆ ನನ್ನತ್ರ.

ಫ್ಲಾಪ್ ಹೋಯ್ತಲ್ಲ, ಅದಕ್ಕೆ ಪರಿಹಾರ ಅಂತ ಸ್ಕ್ರಾಚರ್ ಹಾಕಿಸಿದೆ. ಐಸ್ ಮೇಲೆ ಕೆರೆದು ಪುಡಿ ಎಬ್ಬಿಸೋ ಸ್ಪ್ರಿಂಗ್ ಥರದ ಕಂಬಿ. ಕೆಲಸ ಮಾಡ್ತು, ಟೆಂಪರೇಚರ್ ಇಳೀತು, ಖುಷಿಯಾಗಿ ರಿವರ್ಸ್ ಬಟನ್ ಒತ್ತಿದೆ. ಈ ಟೂ ಸ್ಟ್ರೋಕ್ ಗಾಡಿಗಳಿಗೆ ರಿವರ್ಸ್ ಗೇರೇ ಇಲ್ಲ, ಬಟನ್ ಒತ್ತಿದ್ರೆ ಇಂಜಿನ್ ಇನ್ನೇನು ಸತ್ತೋಯ್ತು ಅನ್ನೋವಷ್ಟು ಇಳಿದು, ಆ ಗಳಿಗೇಲಿ ಸ್ಪಾರ್ಕ್ ಟೈಮಿಂಗ್ ಬದಲಾಗಿ, ಕ್ರ್ಯಾಂಕೇ ಉಲ್ಟಾ ತಿರುಗೋಕೆ ಶುರುವಾಗುತ್ತೆ, ನೋಡೋಕೇ ಮಜಾ. ನಾನು ಆ ಮಜಾ ನೋಡ್ತಾ ಕಂಬಿ ಮೇಲೆತ್ತಿ ಸಿಕ್ಕಿಸೋದು ಮರೆತೆ. ಟಣ್. ಒಂದು ಕಂಬಿ ಸೊಟ್ಟ, ಇನ್ನೊಂದು ಇಲ್ಲವೇ ಇಲ್ಲ. ಆಮೇಲೆ ಗೊತ್ತಾಯ್ತು, ರಿವರ್ಸಲ್ಲೂ ಮುರೀದೆ ಬಾಗೋ ಕೇಬಲ್ ಥರದ್ದು ಸಿಗುತ್ತಂತೆ. ಎಲ್ಲಾ ಆಮೇಲೇ ಗೊತ್ತಾಗೋದು.

ಜನವರೀಲಿ ಹಿಮಕುಸಿತದ ಕೋರ್ಸಿಗೆ ಹೋದೆ, ಎರಡು ದಿನದ್ದು. ಇದೊಂದರಲ್ಲಿ ತಮಾಷೆ ಇಲ್ಲ, ಬೀಕನ್ (ಹಿಮದಡಿ ಹೂತೋದವರನ್ನ ಸಿಗ್ನಲ್ ಹಿಡಿದು ಹುಡುಕೋ ಯಂತ್ರ), ಪ್ರೋಬು (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಇಲ್ದೆ ಈ ಬೆಟ್ಟಗಳಿಗೆ ಯಾರೂ ಕಾಲಿಡಬಾರ್ದು. ತಮಾಷೆ ಆಗಿದ್ದು ನನ್ನಿಂದ. ಹೂತಿಟ್ಟ ಬೀಕನ್ ಹುಡುಕೋ ಪ್ರಾಕ್ಟೀಸಲ್ಲಿ ಎಲ್ರೂ ನೇರ ಹೋಗಿ ಹುಡುಕಿದ್ರು, ನನ್ನ ಬೀಕನ್ ತೋರ್ಸೋ ದೂರ ಮಾತ್ರ 12, 31, 8, 40 ಅಂತ ಶೇರ್ ಮಾರ್ಕೆಟ್ ಥರ ಕುಣೀತಿತ್ತು. ಎದೆ ಜೇಬಲ್ಲಿ ಫೋನು. ಹುಡುಕೋವಾಗ ಫೋನ್ ಬೀಕನ್ನಿಂದ 50 ಸೆಂಟಿಮೀಟರ್ ದೂರ ಇರ್ಬೇಕು ಅಂತ ಬೆಳಗ್ಗೆ ತಾನೇ ಹೇಳಿದ್ರು. ತೆಗೆದು ನೋಡಿದ್ರೆ ಅಮ್ಮನ ಮೂರು ಮಿಸ್ಡ್ ಕಾಲು.

ಇನ್ನು ಬೆಲ್ಟಿನ ವಿಷಯ. ಸ್ಲೆಡ್‌ನ ನಿಜವಾದ ವೀಕ್ ಪಾಯಿಂಟು ಇದೇ, ಎಲ್ಲಾ ಕಂಪನಿದೂ. ಅಪ್ಪನ ಹತ್ರ ಕೈನೆಟಿಕ್ ಹೋಂಡಾ ಇತ್ತು, ಅದರೊಳಗೆ ಇದ್ದಿದ್ದೂ ಇಂಥದ್ದೇ ಏರ್ಪಾಟು, ಎರಡು ಪುಲ್ಲಿ, ಮಧ್ಯೆ ಒಂದು ಬೆಲ್ಟು, ಒಂದು ಪುಲ್ಲಿ ಮುಚ್ಕೊಂಡ್ರೆ ಇನ್ನೊಂದು ಬಿಚ್ಕೊಳ್ಳುತ್ತೆ, ಗೇರಿನ ರಗಳೆನೇ ಇಲ್ಲ. ಅಪ್ಪ ಅದರಲ್ಲಿ ನಮ್ಮಿಬ್ಬರನ್ನ, ಒಂದು ಮೂಟೆ ಕೊಬ್ಬರೀನ ಒಟ್ಟಿಗೆ ಸಾಗಿಸ್ತಿದ್ರು, ಬೆಲ್ಟ್ ಅನ್ನೋದೊಂದು ಅದರೊಳಗೆ ಇದೆ ಅಂತಲೇ ನಮಗೆ ಗೊತ್ತಿರ್ಲಿಲ್ಲ. ಇಲ್ಲಿ ಅದೇ ಬೆಲ್ಟಿಗೆ ನೂರ ಅರವತ್ತು ಕುದುರೆ ಕಟ್ಟಿದಾರೆ. ಹಿಮದಲ್ಲಿ ಹೂತ್ಕೊಂಡಾಗ ಸುಮ್ಮನೆ ಥ್ರಾಟಲ್ ಒತ್ತಿ ಒತ್ತಿ ತಿರುಗಿಸಿದ್ರೆ ಬೆಲ್ಟು ಕಾದು ಕಾದು ಕೆಂಡ. ಅದಕ್ಕೇ ಎಲ್ರೂ ಎಡಗಡೆ ಪ್ಯಾನೆಲ್ಲಿಗೆ ಗಾಳಿಕಿಂಡಿ ಹಾಕಿಸ್ತಾರೆ.

ನಾನೂ ಹಾಕ್ದೆ. ಹೋಲ್ ಸಾ ತಗೊಂಡು, ಟೇಪ್ ಅಂಟಿಸಿ, ಪೆನ್ಸಿಲಲ್ಲಿ ಗುರುತು ಮಾಡಿ, ಉಸಿರು ಬಿಗಿ ಹಿಡಿದು, ಮಿರಮಿರ ಮಿಂಚ್ತಿದ್ದ ಪ್ಯಾನೆಲ್ಲಲ್ಲಿ ಮೂರು ರಂಧ್ರ. ಸೌಂಡ್ ಕೇಳಿ ನಮ್ಮನೆಯವಳು ಬಂದು ನೋಡಿ "ಕಿವಿ ಚುಚ್ಚಿಸಿದ್ರಾ? ಮುಹೂರ್ತ ನೋಡಿಸ್ಬೇಕಿತ್ತು" ಅಂದು ಹೋದ್ಲು. ಕಿಟ್ ಜೊತೆ ಬಂದಿದ್ದ ಜಾಳಿಗೆ ನನಗೆ ನೋಡೋಕೆ ಚೆನ್ನಾಗಿಲ್ಲ ಅನ್ನಿಸ್ತು, ಬಿಟ್ಟೆ. ಅದೇ ವಾರ ತೂಕ ಕಮ್ಮಿ ಮಾಡೋ ಹುಚ್ಚು ಬೇರೆ ಹಿಡಿದಿತ್ತು, ಬೆಟ್ಟ ಹತ್ತೋ ಗಾಡೀಲಿ ಒಂದೊಂದು ಗ್ರಾಮೂ ಲೆಕ್ಕ ಅಂತ ಓದಿದ್ದೆ, ಹಂಗಾಗಿ 800 ಗ್ರಾಂ ತೂಗೋ ಟೂಲ್ ಕಿಟ್ ತೆಗೆದು ಶೆಲ್ಫಲ್ಲಿಟ್ಟೆ. ದೀಪಾವಳಿಯಿಂದ ಈಚೆಗೆ ನಾನೇ ಏರಿಸ್ಕೊಂಡಿದ್ದ ನಾಲ್ಕು ಕೆಜಿ ಬಗ್ಗೆ ಎಲ್ಲೂ ಬರೆದಿರ್ಲಿಲ್ಲ.

ಫೆಬ್ರವರಿ, ಮತ್ತೆ ರೆವೆಲ್‌ಸ್ಟೋಕು, ಒಳ್ಳೆ ಪುಡಿ ಹಿಮ. ಆ ಮೂರು ಕಿಂಡಿ ಗಾಳಿ ಕುಡೀಲಿ ಅಂತ ಇಟ್ಟಿದ್ದು, ಕುಡಿದಿದ್ದು ಹಿಮ. ಬೆಲ್ಟು ಒದ್ದೆಯಾಗಿ ಜಾರೋಕೆ ಶುರು, ಇಂಜಿನ್ ಕೂಗ್ತಿದೆ ಗಾಡಿ ಏರ್ತಿಲ್ಲ, ನಾನು ಇನ್ನೂ ಒತ್ತಿದೆ, ಪಟಾರ್ ಅಂತ ಒಂದು ಸೌಂಡು, ಲಕ್ಷ್ಮಿ ಪಟಾಕಿ ಥರ. ಸುಟ್ಟ ರಬ್ಬರ್ ವಾಸನೆ. ಪ್ಯಾನೆಲ್ ತೆಗೆದ್ರೆ ಬೆಲ್ಟಿನ ದಾರ ಎಲ್ಲಾ ಕ್ಲಚ್ಚಿಗೆ, ಅಂದ್ರೆ ಆ ಪುಲ್ಲಿಗಳಿಗೆ, ಶಾವಿಗೆ ಥರ ಸುತ್ಕೊಂಡಿತ್ತು. ಸ್ಪೇರ್ ಬೆಲ್ಟು ಇತ್ತು, ಒಂದಲ್ಲ ಎರಡು. ಹಿಂದಿನ ಕ್ಲಚ್ ಅಗಲಿಸೋ ಟೂಲು ಶೆಲ್ಫಲ್ಲಿ. ದಾವಣಗೆರೆ ಗಾಡಿ ಬೇರೆ ಕಂಪನೀದು, ಅವನ ಟೂಲ್ ಕೂರಲ್ಲ. "ಆವತ್ತ ನಿಂಬಿಹಣ್ಣ ಒಡದಿದ್ರ..." ಅಂತ ಶುರು ಮಾಡ್ದ.

ಆಗ ಮೇಲಿಂದ ಇಬ್ರು ಇಳ್ಕೊಂಡು ಬಂದ್ರು, ಅಪ್ಪ ಮಗಳು, ಮಗಳಿಗೆ ಹದಿನಾರೋ ಹದಿನೇಳೋ. ಅಪ್ಪ ಹೆಲ್ಮೆಟ್ಟೂ ತೆಗೀಲಿಲ್ಲ, ಮಗಳೇ ಇಳಿದು ಬಂದು, ಇಕ್ಕಳ ತಗೊಂಡು ಒಂದೊಂದೇ ದಾರ ಕಿತ್ತು, ತನ್ನ ಟೂಲ್ ಹಾಕಿ ಕ್ಲಚ್ ಅಗಲಿಸಿ, ಬೆಲ್ಟು ಕೂರಿಸಿ, ಹತ್ತು ನಿಮಿಷ ಆಗಿರ್ಬೇಕು ಅಷ್ಟೇ. ಕ್ಲಚ್ಚಿನ ಮುಖ ಸವರಿ ನೋಡಿ, ಇದನ್ನ ಯಾವಾಗ ತಿಕ್ಕಿದ್ದು ಅಂತ ಕೇಳಿದ್ಲು. ತಿಕ್ಕೋದಾ? ಹೂಂ, ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಥರದ್ದರಲ್ಲಿ ಬೆಲ್ಟಿನ ಕರಿ ಹೋಗೋ ಹಂಗೆ ಆಗಾಗ ತಿಕ್ಕಿ ಒರೆಸ್ಬೇಕಂತೆ. ಹೊಸ ಬೆಲ್ಟ್ ಪಳಗೋವರೆಗೂ ನಿಧಾನಕ್ಕೆ ಓಡಿಸಿ ಅಂತ ನನಗೆ ಬುದ್ಧಿನೂ ಹೇಳಿದ್ಲು, ನನ್ನ ಮಗಳಿಗಿಂತ ಮೂರು ವರ್ಷ ದೊಡ್ಡವಳು.

ಕೃತಜ್ಞತೆಗೆ ನನ್ನತ್ರ ಇದ್ದಿದ್ದು ಪುಳಿಯೋಗರೆ. ಬಲಗಡೆ ಸೈಲೆನ್ಸರ್ ಮೇಲೆ ಒಂದು ತಗಡಿನ ಡಬ್ಬಿ ಕೂರಿಸ್ತಾರೆ, ಹಾಟ್ ಡಾಗರ್ ಅಂತ, ಅದರಲ್ಲಿಟ್ಟ ಊಟ ಇಂಜಿನ್ ಬಿಸೀಗೇ ಬಿಸಿಯಾಗುತ್ತೆ. ಇಡೀ ಸೀಸನ್ನಲ್ಲಿ ನಾನು ಹಾಕ್ಸಿದ್ದರಲ್ಲಿ ಕೈ ಕೊಡ್ದೆ ಇದ್ದಿದ್ದು ಅದೊಂದೇ. ಆದ್ರೆ ಬೆಳಗ್ಗೆಯಿಂದ ಮರೆತಿದ್ದೆ, ತಳ ಹಿಡಿದು ಕಡ್ಲೆಬೀಜ ಎಲ್ಲಾ ಕಪ್ಪಗಾಗಿತ್ತು. ಅವರಿಗದು ಹಂಗೇ ಇರುತ್ತೆ ಅಂತ ಅನ್ನಿಸ್ತೇನೋ, ಕೆರ್ಕೊಂಡು ತಿಂದ್ರು. ಅಪ್ಪ ಮೆಣಸಿನಕಾಯಿ ಕಚ್ಚಿ ಎರಡು ಮುಷ್ಟಿ ಹಿಮ ಬಾಯಿಗೆ ಹಾಕ್ಕೊಂಡ. ಇದಕ್ಕೂ ಕೂಲರ್ ಬೇಕಾಯ್ತು ನೋಡು ಅಂದ ದಾವಣಗೆರೆ, ಕನ್ನಡದಲ್ಲಿ, ಸದ್ಯ.

ವಾಪಸ್ ಇಳೀವಾಗ ಹಿಮದೊಳಗೆ ಮುಚ್ಚೋಗಿದ್ದ ಬೊಡ್ಡೆಗೆ ಗುದ್ದಿ ಎಡಗಡೆ ಎ-ಆರ್ಮ್, ಅಂದ್ರೆ ಸ್ಕೀನ ಗಾಡಿಗೆ ಸೇರ್ಸೋ ಕಂಬಿ, ಬಗ್ಗಿಸ್ದೆ. ಅದಕ್ಕೆ ಇನ್ನೂ ಗಟ್ಟಿ ಸ್ಟೀಲಿಂದು ಹಾಕ್ಸೋಣ ಅಂತ ಹೊರಟಿದ್ದೆ, ಪಕ್ಕದ್ಮನೆ ಅಜ್ಜ ಬೇಡ ಅಂದ. ಅದು ಬಗ್ಗೋಕೇ ಇರೋದು, ಅದು ಬಗ್ಗದಿದ್ರೆ ಏಟು ಒಳಗಿನ ಫ್ರೇಮಿಗೆ ಹೋಗುತ್ತೆ, ಆಗ ಖರ್ಚು ಹತ್ತು ಪಟ್ಟು ಅಂದ. ಅಜ್ಜ ಇಷ್ಟೆಲ್ಲಾ ತಿಳ್ಕೊಂಡಿದಾನೆ ಅಂತ ನವೆಂಬರಲ್ಲೇ ಗೊತ್ತಾಗಿದ್ರೆ ನಾನು ದಾವಣಗೆರೆನ ಮನೆಗೇ ಸೇರಿಸ್ತಿರ್ಲಿಲ್ಲ.

ಮಾರ್ಚಲ್ಲಿ ಸರ್ವಿಸಿಗೆ ಬಿಟ್ಟೆ. ಹೊಸ ಎಡ ಪ್ಯಾನೆಲ್ಲು, ಹೊಸ ಎ-ಆರ್ಮು, ಹೊಸ ಫ್ಲಾಪು, ಅಂದ್ರೆ ಗಾಡಿ ತಂದ ದಿನ ಹೆಂಗಿತ್ತೋ ಹಂಗೆ ಮಾಡೋಕೆ ಒಂದು ಉದ್ದ ಪಟ್ಟಿ ಬರೆದ್ಕೊಟ್ರು. ಪ್ಯಾನೆಲ್ಲಿಗೆ ಹೂಂ ಅಂದೆ, ಎ-ಆರ್ಮಿಗೆ ಹೂಂ ಅಂದೆ, ಒಂದು ತುಂಡು ಫ್ಲಾಪಿಗೆ ಅಷ್ಟು ದುಡ್ಡು ಕೊಡೋಕೆ ಮನಸ್ಸು ಬರ್ಲಿಲ್ಲ. ಹಳೇ ತುಂಡು ಇದ್ಯಲ್ಲ, ನಾಲ್ಕು ರಿವೆಟ್ ಹೊಡೆದ್ರೆ ಕೂತ್ಕೊಳ್ಳುತ್ತೆ ಅಂತ ಮನೆಗೆ ಬಂದು ಗರಾಜ್ ಮೂಲೆ, ಶೆಲ್ಫ್ ಹಿಂದೆ, ಟೈರ್ ಕೆಳಗೆ ಎಲ್ಲಾ ಹುಡುಕಿದೆ.

"ಏನ್ರೀ ಹುಡುಕ್ತಿದೀರಾ?"

"ಆ ಕಪ್ಪು ರಬ್ಬರ್ ತುಂಡು ಕಣೇ, ಡಿಸೆಂಬರಲ್ಲಿ ಕತ್ತರಿಸಿದ್ನಲ್ಲ."

"ನಿಂತಿದೀರಲ್ಲ ಅದರ ಮೇಲೆ."

ಬಾಗ್ಲು ಮುಂದೆ, ಬೂಟ್ ಒರೆಸೋಕೆ. ಕಂಪನಿ ಹೆಸರು ಮೇಲಕ್ಕೆ ಕಾಣೋ ಹಂಗೆ ನೀಟಾಗಿ ಹಾಕಿದ್ಲು. ಕೊಡಲ್ಲ ಅಂದ್ಲು, ಹಿಮ ಕರಗೋ ಟೈಮು, ಮನೆಯೆಲ್ಲಾ ಕೆಸರಾಗುತ್ತಂತೆ. ನಾನು ಬೂಟ್ ಒರೆಸ್ಕೊಂಡು ಒಳಗೆ ಹೋದೆ.