ಎತ್ತಿಟ್ಟಿದ್ದೆಲ್ಲ ಉಳಿಯುವುದಿಲ್ಲ

ಮನೆಯಲ್ಲಿ ಸಾಮಾನು ಜಾಸ್ತಿಯಾಯಿತು ಅನ್ನಿಸಿದ ತಕ್ಷಣ ನಾವು ಮಾಡುವ ಮೊದಲ ಕೆಲಸ ಏನು ಹೇಳಿ? ಇನ್ನೊಂದಿಷ್ಟು ಸಾಮಾನು ತರುವುದು! ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಡ್ರಾಯರ್‌ಗೆ ಟ್ರೇ, ಮಂಚದ ಕೆಳಗೆ ತಳ್ಳುವ ಜಿಪ್ ಚೀಲ. ಎಲ್ಲವನ್ನೂ ಅದರೊಳಗೆ ತುಂಬಿ ಮೇಲೊಂದು ಚೀಟಿ ಅಂಟಿಸಿದರೆ ಮನೆ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ಒಂದು ವಸ್ತುವೂ ಕಡಿಮೆಯಾಗಿರುವುದಿಲ್ಲ. ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ.

ಡಬ್ಬಿಗಿಂತ ನನ್ನ ತಕರಾರು ಇರುವುದು "ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ" ಅನ್ನುವ ಮಾತಿನ ಮೇಲೆ. ಎತ್ತಿಟ್ಟ ವಸ್ತು ಇಟ್ಟ ಹಾಗೇ ಇರುತ್ತದೆ ಅಂತ ನಾವು ನಂಬಿಬಿಟ್ಟಿದ್ದೇವೆ. ಇರುವುದಿಲ್ಲ. ಬೀರುವಿನೊಳಗೂ ಅದಕ್ಕೆ ವಯಸ್ಸಾಗುತ್ತದೆ.

ಶೂಗಳನ್ನೇ ನೋಡಿ. ದಿನಾ ಹಾಕಿದರೆ ಹಾಳಾಗುತ್ತದೆ ಅಂತ ಡಬ್ಬದಲ್ಲೇ ಜೋಪಾನ ಮಾಡುತ್ತೇವೆ. ಎಷ್ಟೋ ಶೂಗಳ ಸೋಲ್ ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್‌ನದು. ಗಾಳಿಯ ತೇವ ತಾಗಿ ತಾಗಿ ವರ್ಷಗಳಲ್ಲಿ ಅದು ಒಳಗೊಳಗೇ ಸಡಿಲವಾಗುತ್ತದೆ. ಮೇಲಿಂದ ನೋಡಿದರೆ ಹೊಚ್ಚ ಹೊಸದು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಹಿಮ್ಮಡಿಯ ಹತ್ತಿರ ಬಿರುಕು ಬಿಟ್ಟು, ಚೂರುಚೂರಾಗಿ ನೆಲದ ಮೇಲೆ ಉದುರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿ. ಇಷ್ಟೆಲ್ಲ ಆಗುವ ಮುಂಚೆಯೇ ಅದು ಯಾರದಾದರೂ ಕಾಲಿಗೆ ಬಂದಿದ್ದರೆ ಚೆನ್ನಾಗಿತ್ತು, ಅಲ್ವಾ?

ವಾರಂಟಿ ಬಿಲ್ಲುಗಳ ಕಥೆಯೂ ಇದೇ. ಈಗಿನ ಬಹಳಷ್ಟು ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅದೇ ನಮಗೆ ಅಕ್ಷರವಾಗಿ ಕಾಣುವುದು. ಬರಬರುತ್ತಾ ಅದು ಮಾಸಿ, ವಾರಂಟಿ ಕೇಳುವ ಹೊತ್ತಿಗೆ ಫೈಲಿನಲ್ಲಿ ಉಳಿದಿರುವುದು ಖಾಲಿ ಚೀಟಿ. ಕೊಂಡ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸೆಲ್ ತೆಗೆಯದೆ ಇಟ್ಟ ಟಾರ್ಚ್, ರಿಮೋಟ್‌ಗಳ ಬಗ್ಗೆ ಹೇಳುವುದೇ ಬೇಡ. ಸೆಲ್ ಸೋರಿ, ಸ್ಪ್ರಿಂಗ್ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿರುತ್ತದೆ.

ಹಳೇ ಫೋನ್ ಮಾತ್ರ ಸುಮ್ನೆ ಹಾಳಾಗುವುದಷ್ಟೇ ಅಲ್ಲ, ಅಪಾಯವೂ ಹೌದು. ಅದರ ಲಿಥಿಯಂ ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳವನ್ನೇ ಎತ್ತಿಬಿಡಬಹುದು. ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ. ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳಬಹುದು. ಒಳಗಿನ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಂಡು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇಷ್ಟೆಲ್ಲ ಗೊತ್ತಿದ್ದರೂ ಕೈ ಯಾಕೆ ಬರುವುದಿಲ್ಲ? ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞರಾದ ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಅಂತ ಕೇಳಿದರು. ಮಿಕ್ಕವರಿಗೆ, ಕೊಳ್ಳುವುದಾದರೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಮಗ್ ಸಿಕ್ಕವರು ಹೇಳಿದ ಬೆಲೆ, ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು! ಆಗಷ್ಟೇ ಪುಕ್ಕಟೆ ಸಿಕ್ಕ ಮಗ್ ಅದು. ಇನ್ನು ವರ್ಷಗಟ್ಟಲೆ ಬೀರುವಿನಲ್ಲಿ ಕೂತ ಸಾಮಾನಿನ ಮೇಲೆ ನಮಗೆಷ್ಟು ಮೋಹ ಇರಬೇಡ?

ಅದಕ್ಕೇ ನಾನು "ಇದು ಬೇಕಾ ಬೇಡವಾ" ಅಂತ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಉತ್ತರ ಯಾವಾಗಲೂ "ಬೇಕು" ಅಂತಲೇ ಬರುತ್ತದೆ. ಇದು ನನ್ನದಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ ಅಂತ ಕೇಳಿಕೊಳ್ಳುತ್ತೇನೆ. ಅರ್ಧಕ್ಕರ್ಧ ಸಾಮಾನಿಗೆ ಥಟ್ಟನೆ ಉತ್ತರ ಸಿಗುತ್ತದೆ. ಕೊಡುವುದಾದರೆ ಗಟ್ಟಿಯಿರುವಾಗಲೇ ಕೊಡಬೇಕು. ಹರಿದ ಬಟ್ಟೆ, ಮುರಿದ ಆಟಿಕೆ ಕೊಟ್ಟು ದಾನ ಅನ್ನಬೇಡಿ. ಅದು ನಮ್ಮ ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸುವುದು.

ಹಾಗಂತ ಮನೆ ಬೋಳು ಮಾಡಿ, ಬರೀ ಬಿಳಿ ಗೋಡೆ ತೋರಿಸುವವರ ಪಕ್ಷದವನೂ ಅಲ್ಲ ನಾನು. ರಿಪೇರಿ ಮಾಡುವ ಕೈಯಿದ್ದವರಿಗೆ ಹಳೇ ಸ್ಕ್ರೂ, ವಾಷರ್‌ಗಳ ಡಬ್ಬಿ ಖಂಡಿತ ಬೇಕು. ಅಜ್ಜಿಯ ಕನ್ನಡಕ ಯಾವ ಉಪಯೋಗಕ್ಕೂ ಬಾರದೆ ಇದ್ದರೂ ಇರಲಿ. ಅದನ್ನು ಮುಂದೆ ಬಳಸುತ್ತೇವೆ ಅಂತ ಯಾರೂ ಇಟ್ಟಿಲ್ಲವಲ್ಲ.

ಮತ್ತೆ, ಹುಮ್ಮಸ್ಸು ಬಂತು ಅಂತ ಮನೆಯವರ ಸಾಮಾನಿಗೆ ಕೈ ಹಾಕಬೇಡಿ. ಅವರು ಊರಿಗೆ ಹೋದಾಗ ಗುಟ್ಟಾಗಿ ಎಸೆದರೆ ಕಪಾಟು ಖಾಲಿಯಾಗುತ್ತದೆ, ಆದರೆ ಆಮೇಲೆ ಅವರು ಒಂದು ಹಳೇ ಪೇಪರನ್ನೂ ನಿಮ್ಮ ಕೈಗೆ ಕೊಡುವುದಿಲ್ಲ. ಮೊದಲು ನಿಮ್ಮ ಬೀರು ತೆಗೆಯಿರಿ. ಅಲ್ಲೇ ಬೇಕಾದಷ್ಟು ಕೆಲಸ ಇರುತ್ತದೆ.